ಇಸಿಜಿ ನಾರ್ಮಲ್ ಇದೆ, ಎದೆನೋವೂ ಇದೆ. ಮನೆಗೆ ಕಳಿಸಬಹುದಾ?

ಪ್ರಶ್ನೆ: ಸರ್, ನಾನು ಸಕಲೇಶಪುರದ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಎಂಬಿಬಿಎಸ್ ಮುಗಿಸಿ ಜಾಸ್ತಿ ದಿನ ಆಗಿಲ್ಲ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗಿನಿಂದ ಸ್ವಲ್ಪ ಎದೆ ಚುಚ್ಚಿದರೂ ಜನ ಬಂದು ಇಸಿಜಿ ಮಾಡಿ ಅನ್ನುತ್ತಾರೆ. ಏನೂ ಇಲ್ಲದವರೂ ಬರುತ್ತಾರೆ. ಮೊನ್ನೆ 38 ವರ್ಷದ ಪಿಕಪ್ ಡ್ರೈವರ್ ಒಬ್ಬರು ಬಂದರು. ಒಂದು ಗಂಟೆಯಿಂದ ಎದೆ ಉರಿ, ಮೈಯೆಲ್ಲ ಬೆವರು. ಬೀಡಿ ಸೇದುತ್ತಾರೆ. ಇಸಿಜಿ ನಾರ್ಮಲ್ ಅನ್ನಿಸಿತು, ಟ್ರೊಪೊನಿನ್ ಕಾರ್ಡ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ನೆಗೆಟಿವ್ ಬಂತು. ಆದರೂ ಧೈರ್ಯ ಸಾಲದೆ ಹಾಸನಕ್ಕೆ ಕಳಿಸಿದೆ. ಗ್ಯಾಸ್ಟ್ರಿಕ್‌ಗೆ ಇಷ್ಟೊಂದು ಹೆದರಿಸ್ತೀರಾ ಅಂತ ಮನೆಯವರು ಬೈದರು. ನಾನು ಮಾಡಿದ್ದು ಸರಿಯಾ? ಇಸಿಜಿಯಲ್ಲಿ ಎಸ್‌ಟಿ ಅನ್ನುವ ಗೆರೆ ಎದ್ದಿದ್ದರೆ (ನಾಳ ಪೂರ್ತಿ ಮುಚ್ಚಿದೆ ಅನ್ನುವ ಗುರುತು) ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿಸಬೇಕಾ, ಸೀದಾ ಆಂಜಿಯೋಪ್ಲಾಸ್ಟಿಗೆ ಕಳಿಸಬೇಕಾ? ಕೋವಿಡ್ ಲಸಿಕೆಯಿಂದ ಹೀಗಾಗ್ತಿದೆಯಾ ಅಂತ ಕೇಳುವವರಿಗೆ ಏನು ಹೇಳಲಿ?

ಉತ್ತರ: ಕಳಿಸಿದ್ದು ಸರಿ ಡಾಕ್ಟರೇ. ಮನೆಯವರು ಬೈದರೆ ಬೈಯಲಿ ಬಿಡಿ. ಒಂದು ಗಂಟೆಯಿಂದ ಎದೆ ಉರಿ, ಜೊತೆಗೆ ಬೆವರು, ದಿನವಿಡೀ ಸ್ಟೇರಿಂಗ್ ಹಿಡಿದು ಕೂರುವ ಕೆಲಸ, ಮೇಲೆ ಬೀಡಿ ಬೇರೆ. ಇಂಥವರಿಗೆ ಒಂದೇ ಒಂದು ಇಸಿಜಿ ತೆಗೆದು, ಚೆನ್ನಾಗಿದೆ ಅಂತ ಹೇಳಿ, ಗ್ಯಾಸ್ಟ್ರಿಕ್ ಮಾತ್ರೆ ಪ್ಯಾಂಟೊಪ್ರಜೋಲ್‌ಗೆ ಚೀಟಿ ಬರೆದು ಕಳಿಸುವುದೇ ನಮ್ಮ ಕಡೆ ಜಾಸ್ತಿ ಆಗುವ ಎಡವಟ್ಟು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಿಡಿಸಿ ಬರೆಯುತ್ತೇನೆ. ನಾವು ಇಸಿಜಿ ಪೇಪರನ್ನು ಬೇಡದ ಕಡೆ ಖರ್ಚು ಮಾಡುತ್ತಿದ್ದೇವೆ. ನೋವೇ ಇಲ್ಲದವರಿಗೆ ಅದು ಬೇಕಿಲ್ಲ. ನೋವು ಇರುವವರಿಗೆ ಒಂದು ಸಾಲುವುದಿಲ್ಲ.

ಮೊದಲು ಹಾಸನದ ವಿಷಯ. 2025ರ ಮೇ, ಜೂನ್ ತಿಂಗಳಲ್ಲಿ ಬೆಳಗಾದರೆ ಟಿವಿಯಲ್ಲಿ ಇನ್ನೊಂದು ಸಾವಿನ ಸುದ್ದಿ. ಜನ ಹೆದರಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು. ಈ ಸಲ ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು, ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4ಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ರಸ್ತೆ ಅಪಘಾತ, ಕರೆಂಟ್ ಶಾಕ್ ಕೂಡ ಆ ಪಟ್ಟಿಗೆ ಸೇರಿಕೊಂಡಿದ್ದವು! ಉಳಿದವರಲ್ಲಿ ಬಹಳ ಮಂದಿಗೆ ಶುಗರ್, ಬಿಪಿ, ಬೊಜ್ಜು, ಸಿಗರೇಟು, ಕುಡಿತ ಹೀಗೆ ನಮಗೆ ಗೊತ್ತಿರುವ ಕಾರಣಗಳೇ ಇದ್ದವು. ಆಟೋ, ಕ್ಯಾಬ್ ಓಡಿಸುವವರೂ ಸಾಕಷ್ಟು ಜನ ಇದ್ದರು. ಜಿಲ್ಲೆಯಲ್ಲಿ ಹೃದಯಾಘಾತ ದಿಢೀರ್ ಅಂತ ಏರಿದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. ನಮ್ಮ ಜನಕ್ಕೆ ಹೃದಯಾಘಾತ ಬೇಗ ಬರುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಲೆಕ್ಕದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53, ಬೇರೆಯವರಿಗೆ 59ರ ಹತ್ತಿರ. ಅಂದರೆ 40ರ ಒಳಗಿನವರೂ ನಮ್ಮ ವಾರ್ಡಿಗೆ ಬರುವುದು ಹೊಸದೇನಲ್ಲ. ಸುದ್ದಿಯಾಗಿದ್ದು ಹೊಸದು ಅಷ್ಟೆ.

ಈಗ ಏನೂ ತೊಂದರೆ ಇಲ್ಲದೆ ಇಸಿಜಿ ಕೇಳುವವರ ಮಾತು. ಮಲಗಿ ತೆಗೆಯುವ ಇಸಿಜಿ ಆ ಹೊತ್ತಿನಲ್ಲಿ ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಅಂದರೆ ಮಾತ್ರ ತೋರಿಸುತ್ತದೆ. ರಕ್ತನಾಳ ಮುಕ್ಕಾಲು ಭಾಗ ಕಟ್ಟಿದ್ದರೂ ಸುಮ್ನೆ ಮಲಗಿದ ಮನುಷ್ಯನ ಇಸಿಜಿ ಪೂರ್ತಿ ನಾರ್ಮಲ್ ಬರಬಹುದು. ಇನ್ನೊಂದು ವಿಷಯ, ಹೃದಯಾಘಾತಗಳಲ್ಲಿ ಎಷ್ಟೋ ಸಲ ಒಡೆಯುವುದು ಅರ್ಧವೂ ಕಟ್ಟದ ಜಾಗ. ಅಲ್ಲಿನ ಕೊಬ್ಬಿನ ಗಂಟು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷದಲ್ಲಿ ನಾಳ ಮುಚ್ಚಿಕೊಳ್ಳುತ್ತದೆ. ಇದನ್ನು ಹಿಂದಿನ ವಾರದ ಇಸಿಜಿಯಾಗಲಿ, ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆಯುವ ಟಿಎಂಟಿಯಾಗಲಿ ಹೇಳಲಾರದು. ಹಾಗಾಗಿ "ಮೊನ್ನೆ ತಾನೇ ಚೆಕಪ್ ಮಾಡಿಸಿದ್ದರು, ಎಲ್ಲ ನಾರ್ಮಲ್ ಇತ್ತು" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದರಲ್ಲಿ ಆಶ್ಚರ್ಯ ಇಲ್ಲ. ಪೇಟೆಯಲ್ಲಿ ಹಾರ್ಟ್ ಪ್ಯಾಕೇಜ್ ಅಂತ ಬೋರ್ಡ್ ಹಾಕಿದ್ದಾರಲ್ಲ, ತೊಂದರೆ ಇಲ್ಲದವರಿಗೆ ಅದರಿಂದ ಸಿಗುವುದು ಒಂದೋ ಸುಳ್ಳು ಧೈರ್ಯ, ಇಲ್ಲವೋ ಸುಳ್ಳು ಭಯ. ಆ ದುಡ್ಡಲ್ಲಿ ಒಳ್ಳೆಯ ಬಿಪಿ ಮೆಷಿನ್ ತೆಗೆದುಕೊಳ್ಳಿ ಅಂತ ನಾನು ಮುಖಕ್ಕೇ ಹೇಳುತ್ತೇನೆ.

ಆದರೆ ಬಂದವರನ್ನು ಬೈದು ಕಳಿಸಬೇಡಿ. ಇಸಿಜಿಗೆ ಅಂತ ಬಂದ ಗಂಡಸು ಮತ್ತೆ ಐದು ವರ್ಷ ನಿಮ್ಮ ಕೈಗೆ ಸಿಗುವುದಿಲ್ಲ. ಕೂರಿಸಿ ಬಿಪಿ ನೋಡಿ, ಬೆರಳು ಚುಚ್ಚಿ ಶುಗರ್ ನೋಡಿ, ಸೊಂಟದ ಸುತ್ತಳತೆ ತೆಗೆಯಿರಿ, ಅಪ್ಪ ಅಣ್ಣಂದಿರಿಗೆ ಚಿಕ್ಕ ವಯಸ್ಸಲ್ಲಿ ಏನಾದರೂ ಆಗಿತ್ತಾ ಕೇಳಿ. ಇದರ ಬಗ್ಗೆ ಕೊನೆಯಲ್ಲಿ ಇನ್ನಷ್ಟು ಬರೆಯುತ್ತೇನೆ.

ನಿಜವಾದ ಎದೆನೋವಿಗೆ ಬರೋಣ. ಇಲ್ಲಿ ಮೆಷಿನ್‌ಗಿಂತ ಮೊದಲು ಮಾತು. ನಮ್ಮ ಕಡೆಯವರು "ಎದೆನೋವು" ಅಂತಲೇ ಹೇಳುತ್ತಾರೆ ಅಂತ ಕಾಯಬೇಡಿ. "ಎದೆ ಹಿಡ್ಕೊಂಡಂಗಾಗ್ತದೆ", "ವಾಯು ಮೇಲೆ ಬಂದು ನಿಂತಿದೆ", "ತೇಗು ಬಂದರೆ ಸರಿ ಹೋಗ್ತದೆ", "ದವಡೆ ಸೆಳೀತದೆ", "ಎರಡೂ ಕೈ ಸೋತು ಹೋದವು", "ಯಾಕೋ ಸುಸ್ತು". ಶುಗರ್ ಇರುವವರು, ವಯಸ್ಸಾದವರು, ಹೆಂಗಸರು, ಇವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ವಾಂತಿ, ಬೆವರು ಇರಬಹುದು. ತೋಟದ ಲೈನ್ ಮನೆಯಿಂದ ಬರುವ ಹೆಂಗಸಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಕಾಫಿ ಚೀಲ ಹೊತ್ತು ಏರು ಹತ್ತುವಾಗ ಜಾಸ್ತಿಯಾಗಿ, ಕೂತರೆ ಕಡಿಮೆಯಾಗುತ್ತಾ? ಹೌದು ಅಂದರೆ ಅದು ಹೊಟ್ಟೆಯ ತೊಂದರೆ ಅಲ್ಲ. ಬೆರಳ ತುದಿಯಲ್ಲಿ ಜಾಗ ತೋರಿಸಿ, ಒತ್ತಿದರೆ ನೋಯುತ್ತೆ, ಉಸಿರು ಎಳೆದರೆ ಚುಚ್ಚುತ್ತೆ ಅಂದರೆ ಹೃದಯದ್ದಲ್ಲದಿರುವ ಸಾಧ್ಯತೆ ಜಾಸ್ತಿ, ಆದರೆ ಅದೂ ಗ್ಯಾರಂಟಿ ಅಲ್ಲ.

ಡೈಜೀನ್ ಕುಡಿದ ಮೇಲೆ ಕಡಿಮೆಯಾಯಿತು, ಹಾಗಾಗಿ ಗ್ಯಾಸ್ಟ್ರಿಕ್ಕೇ ಅನ್ನುವ ತರ್ಕ ಬಿಟ್ಟುಬಿಡಿ. ಹೃದಯದ ನೋವು ತಾನಾಗಿ ಬಂದು ಹೋಗುತ್ತದೆ, ಆ ಹೊತ್ತಿಗೆ ಏನು ಕುಡಿದಿದ್ದರೋ ಅದಕ್ಕೆ ಹೆಸರು. ನಾಲಿಗೆ ಕೆಳಗೆ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸುವ ಮಾತ್ರೆ) ಇಟ್ಟಾಗ ಹೋಯಿತು, ಹಾಗಾಗಿ ಹೃದಯವೇ ಅನ್ನುವುದೂ ಅಷ್ಟೇ ತಪ್ಪು.

ಎದೆನೋವು ಅಂತ ಬಂದು ಹತ್ತು ನಿಮಿಷದೊಳಗೆ ಮೊದಲ ಇಸಿಜಿ ಆಗಬೇಕು. ಒಪಿಡಿ ಚೀಟಿ, ಆಧಾರ್ ಎಲ್ಲ ಆಮೇಲೆ. ತೆಗೆಯುವಾಗ ಪಕ್ಕದಲ್ಲೇ ನಿಂತುಕೊಳ್ಳಿ, ಯಾಕೆಂದರೆ ಅರ್ಧ ತಪ್ಪುಗಳು ಅಲ್ಲೇ ಆಗುತ್ತವೆ. ಬೆವರಿದ ಎದೆಗೆ ಇಸಿಜಿಯ ರಬ್ಬರ್ ಬಲ್ಬ್ ಅಂಟಿ ನಿಲ್ಲುವುದಿಲ್ಲ, ಬಟ್ಟೆಯಲ್ಲಿ ಒರೆಸಿ, ಕೂದಲಿದ್ದರೆ ಬೋಳಿಸಿ. ವಿ1, ವಿ2 ಬಲ್ಬ್‌ಗಳನ್ನು ಕಾಲರ್ ಮೂಳೆಯ ಹತ್ತಿರ ಇಡುವ ಅಭ್ಯಾಸ ಎಲ್ಲ ಕಡೆ ಇದೆ. ಅವು ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ ಇರಬೇಕು. ಕೈಗಳ ವೈರ್ ಅದಲು ಬದಲಾದರೆ ಒಂದನೇ ಲೀಡ್ (ಹೃದಯವನ್ನು ಬೇರೆ ಬೇರೆ ಕಡೆಯಿಂದ ತೋರಿಸುವ ಗೆರೆಗಳಲ್ಲಿ ಒಂದು) ಪೂರ್ತಿ ತಲೆಕೆಳಗಾಗಿ ಬರುತ್ತದೆ, ಹಾಗೆ ಕಂಡರೆ ಗಾಬರಿಯಾಗುವ ಮೊದಲು ವೈರ್ ನೋಡಿ. ಇನ್ನು ಮೆಷಿನ್ ಮೇಲುಗಡೆ "ನಾರ್ಮಲ್ ಸೈನಸ್ ರಿದಮ್" ಅಂತ ಪ್ರಿಂಟ್ ಮಾಡುತ್ತಲ್ಲ, ಅದು ಹೇಳುವುದು ಬಡಿತದ ತಾಳ ಸರಿ ಇದೆ ಅಂತ ಮಾತ್ರ. ದೊಡ್ಡ ಹೃದಯಾಘಾತ ಆಗುತ್ತಿರುವಾಗಲೂ ಮೆಷಿನ್ ಆ ಸಾಲು ಬರೆಯುತ್ತದೆ.

ಪೇಪರ್ ಕೈಗೆ ಬಂದಾಗ ಎಸ್‌ಟಿ ಎದ್ದಿದೆಯಾ ಅಂತ ಮಾತ್ರ ಹುಡುಕಿ ಕೆಳಗಿಡಬೇಡಿ. ಎವಿಎಲ್ ಅನ್ನುವ ಲೀಡನ್ನು ಯಾರೂ ಕೇರ್ ಮಾಡುವುದಿಲ್ಲ. ಹೃದಯದ ಕೆಳಗೋಡೆಯ ಹೃದಯಾಘಾತದಲ್ಲಿ ಎರಡು, ಮೂರು, ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಏಳುವುದಕ್ಕೆ ಮೊದಲೇ ಎವಿಎಲ್‌ನಲ್ಲಿ ಎಸ್‌ಟಿ ಸ್ವಲ್ಪ ತಗ್ಗಬಹುದು, ಟಿ ಅಲೆ ತಲೆಕೆಳಗಾಗಬಹುದು. ಅದು ಮೊದಲ ಸುಳಿವು. ವಿ1ರಿಂದ ವಿ3ವರೆಗೆ ಎಸ್‌ಟಿ ತಗ್ಗಿ, ಆರ್ ಅಲೆ ಎತ್ತರ ಇದ್ದರೆ ಹಿಂಗೋಡೆಯದ್ದು ಇರಬಹುದು, ರೋಗಿಯನ್ನು ಸ್ವಲ್ಪ ಮಗ್ಗುಲಿಗೆ ತಿರುಗಿಸಿ ಬೆನ್ನಿನ ಮೇಲೆ ವಿ7, ವಿ8, ವಿ9 ತೆಗೆಯಿರಿ. ಕೆಳಗೋಡೆಯದ್ದು ಅನ್ನಿಸಿದರೆ ವಿ4 ಬಲ್ಬನ್ನು ಅದೇ ಮಟ್ಟದಲ್ಲಿ ಬಲಗಡೆ ಇಟ್ಟು ವಿ4ಆರ್ ತೆಗೆಯಿರಿ, ಬಲ ಹೃದಯಕ್ಕೂ ಪೆಟ್ಟು ಬಿದ್ದಿದೆಯಾ ಅಂತ ಅದು ತೋರಿಸುತ್ತದೆ. ಎದೆಯ ಲೀಡ್‌ಗಳಲ್ಲಿ ಟಿ ಅಲೆ ದಪ್ಪಗಾಗಿ, ಅಗಲವಾಗಿ ಎದ್ದಿದ್ದರೆ ಅದೂ ಶುರುವಿನ ಲಕ್ಷಣವೇ.

ಇನ್ನೊಂದು ಚಿತ್ರ ನಿಮ್ಮ ಕಣ್ಣಿಗೆ ರೂಢಿಯಾಗಬೇಕು. ಬೆಳಿಗ್ಗೆ ಜೋರು ನೋವಿತ್ತು, ಈಗ ಪೂರ್ತಿ ಹೋಗಿದೆ, ಆರಾಮಾಗಿ ಕೂತು ಮಾತಾಡುತ್ತಿದ್ದಾರೆ. ಇಸಿಜಿಯಲ್ಲಿ ವಿ2, ವಿ3ರಲ್ಲಿ ಟಿ ಅಲೆ ಅರ್ಧ ಮೇಲೆ ಹೋಗಿ ಅರ್ಧ ಕೆಳಗೆ ಇಳಿದಿದೆ, ಇಲ್ಲವೇ ಆಳವಾಗಿ ತಲೆಕೆಳಗಾಗಿದೆ. ಇದಕ್ಕೆ ವೆಲ್ಲೆನ್ಸ್ ಅನ್ನುತ್ತಾರೆ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಮೂಲದಲ್ಲೇ ಬಹಳ ಕಿರಿದಾಗಿದೆ ಅಂತ ಅರ್ಥ. ನೋವು ಹೋಯಿತಲ್ಲ, ನಾಳೆ ಟಿಎಂಟಿ ಮಾಡಿಸಿ ಅಂದರೆ ಟ್ರೆಡ್‌ಮಿಲ್ ಮೇಲೇ ಅನಾಹುತ ಆಗಬಹುದು. ಅವತ್ತೇ ಕಳಿಸಬೇಕು.

ಮೊದಲ ಇಸಿಜಿಯಲ್ಲಿ ಏನೂ ಕಾಣದಿದ್ದರೆ? ಬಲ್ಬ್ ಇಟ್ಟ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ ಹದಿನೈದು, ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ನೋವು ಜಾಸ್ತಿಯಾದರೆ ತಕ್ಷಣ ತೆಗೆಯಿರಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದರಲ್ಲಿ ಕಾಣದ್ದು ಕಾಣುತ್ತದೆ. ಹಳೆಯ ಇಸಿಜಿ ಮನೆಯಲ್ಲಿದ್ದರೆ ವಾಟ್ಸಾಪ್‌ನಲ್ಲಿ ತರಿಸಿ. ನಿಮ್ಮ ಡ್ರೈವರ್‌ಗೆ ಬೇಕಿದ್ದುದು ಇದು.

ಟ್ರೊಪೊನಿನ್ ಕಾರ್ಡ್ ಬಗ್ಗೆ ಎರಡು ಮಾತು ಸಾಕು. ಸ್ನಾಯು ಸಾಯಲು ಶುರುವಾದ ಮೇಲೆ ಅದು ರಕ್ತದಲ್ಲಿ ಕಾಣಲು ಮೂರರಿಂದ ಆರು ಗಂಟೆ ಬೇಕು. ಒಂದು ಗಂಟೆಗೆ ಮಾಡಿದ ಕಾರ್ಡ್ ನೆಗೆಟಿವ್ ಬಂದರೆ ಅದರಿಂದ ಏನೂ ಗೊತ್ತಾಗಲಿಲ್ಲ ಅಂತಲೇ ಲೆಕ್ಕ. ಎಸ್‌ಟಿ ಎದ್ದಿರುವವರಲ್ಲಿ ಟ್ರೊಪೊನಿನ್ ರಿಪೋರ್ಟಿಗೆ ಕಾಯುವುದಂತೂ ಬೇಡವೇ ಬೇಡ.

ಈಗ ಕೈಯಲ್ಲಿರುವ ಔಷಧ. ಆಸ್ಪಿರಿನ್ 300 ಅಥವಾ 325 ಮಿಲಿಗ್ರಾಂ, ನುಂಗಿಸಬೇಡಿ, ಅಗಿಸಿ. ಅಲರ್ಜಿ ಇಲ್ಲ, ರಕ್ತಸ್ರಾವ ಇಲ್ಲ ಅಂತ ಕೇಳಿಕೊಂಡು. ಕೆಲವರು ಬೆನ್ನಿಗೆ ಕತ್ತರಿಸಿದ ಹಾಗೆ ನೋವು ಹೋಗುತ್ತದೆ ಅನ್ನುತ್ತಾರೆ, ಎರಡು ಕೈಗಳ ಬಿಪಿಯಲ್ಲಿ ತುಂಬಾ ವ್ಯತ್ಯಾಸ ಇರುತ್ತದೆ. ಅದು ಮಹಾಪಧಮನಿ ಸೀಳಿದ್ದು ಇರಬಹುದು, ಅಲ್ಲಿ ಆಸ್ಪಿರಿನ್, ಇಂಜೆಕ್ಷನ್ ಎಲ್ಲ ನಿಲ್ಲಿಸಿ. ಎಸ್‌ಟಿ ಎದ್ದಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ 300 ಮಿಲಿಗ್ರಾಂ, ವಯಸ್ಸು 75 ದಾಟಿದ್ದರೆ 75 ಮಿಲಿಗ್ರಾಂ ಮಾತ್ರ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಅಟೊರ್ವಾಸ್ಟಾಟಿನ್ 80. ಆಮ್ಲಜನಕ ಎಲ್ಲರಿಗೂ ಹಾಕುವ ಅಭ್ಯಾಸ ಬಿಡಿ, ರಕ್ತದ ಆಮ್ಲಜನಕ ಮಟ್ಟ (ಎಸ್‌ಪಿಒ2) 90ಕ್ಕಿಂತ ಕೆಳಗಿದ್ದರೆ ಮಾತ್ರ.

ಮಾಡಬಾರದ್ದು ಎರಡಿವೆ, ಇವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಒಂದು, ಸೊಂಟಕ್ಕೆ ಡೈಕ್ಲೋ ಇಂಜೆಕ್ಷನ್. ಹಳ್ಳಿಯಲ್ಲಿ ಎದೆನೋವು ಅಂತ ಯಾರು ಹೋದರೂ ಮೊದಲು ಚುಚ್ಚುವುದು ಅದನ್ನೇ. ಡೈಕ್ಲೋಫೆನಾಕ್ ಹೃದಯಕ್ಕೇ ಒಳ್ಳೆಯದಲ್ಲ. ಅದರ ಮೇಲೆ ಒಂದು ಗಂಟೆ ಬಿಟ್ಟು ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಆ ಚುಚ್ಚಿದ ಜಾಗದಲ್ಲಿ ರಕ್ತ ತುಂಬಿ ತೊಡೆಯೆಲ್ಲ ಊದಿಕೊಳ್ಳುತ್ತದೆ. ಎದೆನೋವಿನವರಿಗೆ ಮಾಂಸಕ್ಕೆ ಸೂಜಿ ಬೇಡ, ಕೊಡುವುದಿದ್ದರೆ ನರಕ್ಕೆ ಕೊಡಿ. ಎರಡು, ಸಾರ್ಬಿಟ್ರೇಟ್. ಮೇಲಿನ ಬಿಪಿ 90ರ ಕೆಳಗಿದ್ದರೆ, ವಿ4ಆರ್‌ನಲ್ಲಿ ಎಸ್‌ಟಿ ಎದ್ದಿದ್ದರೆ ಅದನ್ನು ಇಟ್ಟರೆ ರೋಗಿ ಅಲ್ಲೇ ಕುಸಿಯುತ್ತಾರೆ. ಬಲ ಹೃದಯಕ್ಕೆ ಪೆಟ್ಟು ಬಿದ್ದವರಿಗೆ ಬೇಕಾಗುವುದು ಸಲೈನ್. ವಯಾಗ್ರಾ ಥರದ ಮಾತ್ರೆ ತೆಗೆದುಕೊಂಡಿದ್ದರೂ ಸಾರ್ಬಿಟ್ರೇಟ್ ಕೂಡದು. ಇದನ್ನು ಹೆಂಡತಿ ಮಕ್ಕಳ ಮುಂದೆ ಕೇಳಿದರೆ ಉತ್ತರ ಬರುವುದಿಲ್ಲ, ಅವರನ್ನು ಹೊರಗೆ ಕಳಿಸಿ ಕೇಳಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಇಂಜೆಕ್ಷನ್ನಾ, ಆಂಜಿಯೋಪ್ಲಾಸ್ಟಿಯಾ?

ಪುಸ್ತಕದಲ್ಲಿ ಬರೆದಿರುವುದು ಸರಳ. ಎಸ್‌ಟಿ ಎದ್ದಿದೆ ಅಂತ ಗೊತ್ತಾದ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿಯ ತಂತಿ ಆ ಬ್ಲಾಕ್ ದಾಟುವ ಹಾಗಿದ್ದರೆ ಆಂಜಿಯೋಪ್ಲಾಸ್ಟಿ. ಇಲ್ಲದಿದ್ದರೆ, ನೋವು ಶುರುವಾಗಿ 12 ಗಂಟೆ ದಾಟಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ತಕ್ಷಣ. ಇಲ್ಲಿ ಎಲ್ಲರೂ ಮೋಸ ಹೋಗುವುದು ಕಿಲೋಮೀಟರ್ ಲೆಕ್ಕದಲ್ಲಿ. ಸಕಲೇಶಪುರದಿಂದ ಹಾಸನ 40 ಕಿಲೋಮೀಟರ್ ತಾನೇ, ಒಂದು ಗಂಟೆ ಅಂತ ಅಂದುಕೊಳ್ಳುತ್ತೀರಿ. ಅದಕ್ಕೆ 108 ಬರುವ ಹೊತ್ತು ಸೇರಿಸಿ. ನಿಮ್ಮ ಕೇಂದ್ರದಿಂದ ಹೈವೇ ತಲುಪುವ ತೋಟದ ರಸ್ತೆ ಸೇರಿಸಿ, ಮಳೆಗಾಲವಾದರೆ ಬಿದ್ದ ಮರವನ್ನೂ ಸೇರಿಸಿ. ಅಲ್ಲಿ ಹೋದ ಮೇಲೆ ಕ್ಯಾಜುವಾಲ್ಟಿ, ಮತ್ತೊಂದು ಇಸಿಜಿ, ದುಡ್ಡಿನ ಮಾತು, ಸಹಿ ಹಾಕಲು ಬೆಂಗಳೂರಿಂದ ಬರಬೇಕಾದ ಮಗ, ರಾತ್ರಿಯಾದರೆ ಕ್ಯಾತ್ ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ತೆರೆಯಲು ಬರಬೇಕಾದ ಟೆಕ್ನೀಷಿಯನ್. 120 ನಿಮಿಷ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಕಳಸ, ಕೊಟ್ಟಿಗೆಹಾರದ ಕಡೆಯವರ ಪಾಡು ಇನ್ನೂ ಕಷ್ಟ.

ಹಾಗಾಗಿ ಮಲೆನಾಡಿನ ಮಟ್ಟಿಗೆ ನನ್ನ ಮಾತು ನೇರ: ಫೋನ್ ಮಾಡಿ ಆಂಜಿಯೋಪ್ಲಾಸ್ಟಿ ಈಗಲೇ ಆಗುತ್ತೆ ಅಂತ ಖಾತ್ರಿ ಸಿಗದಿದ್ದರೆ ದಾರಿಯಲ್ಲಿ ಸಿಗುವ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಟೆನೆಕ್ಟೆಪ್ಲೇಸ್ ಕೊಡಿಸಿಯೇ ಮುಂದೆ ಕಳಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿದ್ದೇ ಇದಕ್ಕಾಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿ ಕೂತ ತಜ್ಞರು ಕೆಲವೇ ನಿಮಿಷದಲ್ಲಿ ಓದಿ ಹೇಳುತ್ತಾರೆ, ಹೊರಗೆ ಕೊಂಡರೆ ಹತ್ತಾರು ಸಾವಿರ ಆಗುವ ಇಂಜೆಕ್ಷನ್ ಅಲ್ಲೇ ಉಚಿತ. ಇದು ಕೈಲಾಗದವರ ಚಿಕಿತ್ಸೆ ಅಂತ ಯಾರಾದರೂ ಮೂಗು ಮುರಿದರೆ ಕಿವಿಗೊಡಬೇಡಿ. 2013ರಲ್ಲಿ ಪ್ರಕಟವಾದ ಸ್ಟ್ರೀಮ್ ಅಧ್ಯಯನದಲ್ಲಿ, ಬೇಗ ಬಂದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗದ ರೋಗಿಗಳಲ್ಲಿ, ಮೊದಲು ಟೆನೆಕ್ಟೆಪ್ಲೇಸ್ ಕೊಟ್ಟು ಆಮೇಲೆ ಆಂಜಿಯೋ (ನಾಳದಲ್ಲಿ ಬ್ಲಾಕ್ ಎಲ್ಲಿದೆ ಅಂತ ನೋಡುವ ಪರೀಕ್ಷೆ) ಮಾಡಿದವರಿಗೂ ನೇರ ಆಂಜಿಯೋಪ್ಲಾಸ್ಟಿ ಆದವರಿಗೂ ಫಲಿತಾಂಶ ಹೆಚ್ಚು ಕಡಿಮೆ ಒಂದೇ ಬಂತು. ಮೆದುಳಿನ ರಕ್ತಸ್ರಾವ ಇಂಜೆಕ್ಷನ್ ಕಡೆ ಸ್ವಲ್ಪ ಜಾಸ್ತಿ ಇತ್ತು ನಿಜ, ವಯಸ್ಸಾದವರಿಗೆ ಡೋಸ್ ಅರ್ಧ ಮಾಡಿದ ಮೇಲೆ ಅದೂ ಇಳಿಯಿತು. ಪಕ್ಕದ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡದಕ್ಕೆ ಹೀಗೆ ಜೋಡಿಸಿ ನೋಡಿದರು, 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗಿನ ಸಾವು 17.6%ರಿಂದ 14.2%ಕ್ಕೆ ಇಳಿದಿತ್ತು. ಹೊಸ ಔಷಧ ಯಾವುದೂ ಅಲ್ಲ, ಬರೀ ವ್ಯವಸ್ಥೆ.

ಟೆನೆಕ್ಟೆಪ್ಲೇಸ್ ಡೋಸ್ ತೂಕದ ಮೇಲೆ: 60 ಕೆಜಿ ಒಳಗೆ 30 ಮಿಲಿಗ್ರಾಂ, ಆಮೇಲೆ ಪ್ರತಿ ಹತ್ತು ಕೆಜಿಗೆ 5 ಜಾಸ್ತಿ, 90 ಮತ್ತು ಮೇಲ್ಪಟ್ಟವರಿಗೆ 50. ಒಂದೇ ಸಲ ನರಕ್ಕೆ. 75 ದಾಟಿದವರಿಗೆ ಅರ್ಧ. ಡೆಕ್ಸ್‌ಟ್ರೋಸ್ ಓಡುತ್ತಿರುವ ಲೈನಲ್ಲಿ ಹಾಕಬೇಡಿ, ಔಷಧ ಒಡೆಯುತ್ತದೆ, ಸಲೈನಲ್ಲಿ ತೊಳೆದು ಕೊಡಿ. ಜೊತೆಗೆ ಮತ್ತೆ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್. ಕೊಡುವ ಮೊದಲು ಕೇಳಬೇಕಾದ್ದು: ಹಿಂದೆ ಯಾವತ್ತಾದರೂ ಮೆದುಳಲ್ಲಿ ರಕ್ತಸ್ರಾವ ಆಗಿತ್ತಾ, ಈಚೆಗೆ ಲಕ್ವ ಹೊಡೆದಿತ್ತಾ, ತಿಂಗಳೊಳಗೆ ದೊಡ್ಡ ಆಪರೇಷನ್, ತಲೆಗೆ ಪೆಟ್ಟು, ಕಪ್ಪು ಮಲ, ರಕ್ತ ವಾಂತಿ ಏನಾದರೂ ಇದೆಯಾ. ಬಿಪಿ 180/110ರ ಮೇಲಿದ್ದರೆ ಮೊದಲು ಇಳಿಸಿ. ಇದಿಷ್ಟು ಕೇಳಲು ಎರಡು ನಿಮಿಷ ಸಾಕು.

ಇಂಜೆಕ್ಷನ್ ಕೊಟ್ಟ ಮೇಲೆ ಅಲ್ಲೇ ಮಲಗಿಸಿಕೊಂಡು ಎರಡು ದಿನ ನೋಡೋಣ ಅನ್ನುವುದು ಹಳೆಯ ಕಾಲದ ಮಾತು. ಕೊಟ್ಟ ತಕ್ಷಣ ಆಂಜಿಯೋ ಇರುವ ಕಡೆ ಹೊರಡಬೇಕು. 60ರಿಂದ 90 ನಿಮಿಷಕ್ಕೆ ಮತ್ತೊಂದು ಇಸಿಜಿ: ಎದ್ದಿದ್ದ ಎಸ್‌ಟಿ ಅರ್ಧಕ್ಕಿಂತ ಜಾಸ್ತಿ ಇಳಿದಿದ್ದರೆ ನಾಳ ತೆರೆದಿದೆ, 24 ಗಂಟೆಯೊಳಗೆ ಆಂಜಿಯೋ ಆದರೆ ಸಾಕು. ಇಳಿಯದಿದ್ದರೆ ತಕ್ಷಣ ಆಂಜಿಯೋಪ್ಲಾಸ್ಟಿ. ಎಸ್‌ಟಿ ಎದ್ದಿಲ್ಲ, ಬರೀ ತಗ್ಗಿದೆ ಅಂದರೆ ಹಿಂಗೋಡೆಯದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಅಲ್ಲಿ ಟೆನೆಕ್ಟೆಪ್ಲೇಸ್ ಕೊಡಬಾರದು, ಆದರೆ ಕಳಿಸುವುದು ತಪ್ಪುವುದಿಲ್ಲ.

ಆಂಬುಲೆನ್ಸ್ ಹತ್ತಿಸುವ ಮುಂಚೆ ಡಿಫಿಬ್ರಿಲೇಟರ್ (ಹೃದಯಕ್ಕೆ ಶಾಕ್ ಕೊಡುವ ಮೆಷಿನ್) ಇದೆಯಾ, ಚಾರ್ಜ್ ಇದೆಯಾ ಕೇಳಿ. ಮೊದಲ ಗಂಟೆಗಳಲ್ಲಿ ಸಾಯುವವರು ಬಹುತೇಕ ಸಾಯುವುದು ಬಡಿತ ಕೆಟ್ಟು. ಅದಕ್ಕೆ ಇರುವ ಮದ್ದು ಶಾಕ್ ಒಂದೇ. ಮಗನ ಕಾರಲ್ಲಿ, ಬೈಕಲ್ಲಿ ನಡುವೆ ಕೂರಿಸಿಕೊಂಡು ಹೋಗುತ್ತೇವೆ ಅಂದರೆ ಒಪ್ಪಬೇಡಿ.

ಲಸಿಕೆ ಬಗ್ಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ದೇಶದ 47 ಆಸ್ಪತ್ರೆಗಳಲ್ಲಿ ಹುಡುಕಿ, 729 ಸಾವುಗಳನ್ನು 2,916 ಬದುಕಿರುವವರ ಜೊತೆ ಹೋಲಿಸಿ ನೋಡಿತು. ಲಸಿಕೆಯಿಂದ ಅಪಾಯ ಏರಲಿಲ್ಲ, ಎರಡು ಡೋಸ್ ಹಾಕಿಸಿಕೊಂಡವರಲ್ಲಿ ಕಡಿಮೆಯೇ ಇತ್ತು. ಅಪಾಯ ಏರಿದ್ದು ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಲ್ಲಿ, ಮನೆಯಲ್ಲಿ ಹಿಂದೆ ಹಠಾತ್ ಸಾವು ಆಗಿದ್ದವರಲ್ಲಿ, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದಿದ್ದವರಲ್ಲಿ ಅಥವಾ ವಿಪರೀತ ಮೈ ದಂಡಿಸಿದ್ದವರಲ್ಲಿ. ಕೋವಿಶೀಲ್ಡ್‌ನಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತೆ ಅನ್ನುವುದು ನಿಜ, ಅದನ್ನು ಮುಚ್ಚಿಡಬೇಡಿ. ಆದರೆ ಅದು ಬರುವುದು ಹಾಕಿಸಿಕೊಂಡ ಮೊದಲ ಕೆಲವು ವಾರದಲ್ಲಿ, ನಾಲ್ಕು ವರ್ಷ ಕಳೆದ ಮೇಲೆ ಅಲ್ಲ. ಇಷ್ಟು ಹೇಳಿ ಸುಮ್ಮನಾಗಿ. ವಾದ ಮಾಡುವವರ ಜೊತೆ ವಾದಕ್ಕಿಳಿದರೆ ಒಪಿಡಿ ಮುಗಿಯುವುದಿಲ್ಲ.

ಕೊನೆಗೆ ಆ ಇಸಿಜಿ ಕೇಳಿ ಬಂದ ಆರೋಗ್ಯವಂತರು. ಬಿಪಿ ಎರಡು ಬೇರೆ ಬೇರೆ ದಿನ 140/90 ದಾಟಿದರೆ ಮಾತ್ರೆ ಶುರು ಮಾಡಿ. ಆಮ್ಲೋಡಿಪಿನ್ 5, ಇಳಿಯದಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸಿ, ಎರಡೂ ಸರ್ಕಾರಿ ಸರಬರಾಜಿನ ಮಾತ್ರೆಗಳೇ. 40 ದಾಟಿದ ಶುಗರ್ ರೋಗಿಗೆ ಕೊಲೆಸ್ಟ್ರಾಲ್ ರಿಪೋರ್ಟ್ ಹೇಗೇ ಇರಲಿ, ಸ್ಟಾಟಿನ್ ಬೇಕು. ಎಷ್ಟೋ ಜನಕ್ಕೆ ಮೆಟ್‌ಫಾರ್ಮಿನ್ ಮಾತ್ರ ಬರೆದು ಬಿಟ್ಟಿರುತ್ತಾರೆ. ಹೊಗೆಸೊಪ್ಪಿನ ವಿಷಯ ಕಷ್ಟ. ಅರಕಲಗೂಡಿನ ಕಡೆ ಅದೇ ಬೆಳೆ, ಅದೇ ಜೀವನ. ತೋಟದ ಕಡೆ ಎಲೆ ಅಡಿಕೆ ಜೊತೆ ಅದಿಲ್ಲದೆ ಕೆಲಸವೇ ಸಾಗುವುದಿಲ್ಲ ಅನ್ನುತ್ತಾರೆ. ಸೇದುವವರನ್ನು ಮೊದಲು ಹಿಡಿಯಿರಿ, ಬೀಡಿ ಸಿಗರೇಟಿಗಿಂತ ಮೇಲು ಅನ್ನುವುದು ಸುಳ್ಳು ಅಂತ ಹೇಳಿ. ಬಿಟ್ಟ ವರ್ಷದೊಳಗೇ ಅಪಾಯ ಗಣನೀಯವಾಗಿ ಇಳಿಯುತ್ತದೆ, ಈ ಮಾತಿಗೆ ಜನ ಕಿವಿಗೊಡುತ್ತಾರೆ. ಡ್ರೈವರ್‌ಗಳು ಹಗಲು ಒಪಿಡಿಗೆ ಬರುವುದಿಲ್ಲ, ಬಾಡಿಗೆ ತಪ್ಪುತ್ತದೆ. ನಿಮ್ಮ ಸಿಸ್ಟರನ್ನೋ ಸಮುದಾಯ ಆರೋಗ್ಯಾಧಿಕಾರಿ (ಸಿಎಚ್‌ಒ) ಅವರನ್ನೋ ಬಿಪಿ ಮೆಷಿನ್ ಸಮೇತ ಸಂಜೆ ಆಟೋ ಸ್ಟ್ಯಾಂಡಿಗೆ ಕಳಿಸಿ ನೋಡಿ, ಇಸಿಜಿ ಕ್ಯಾಂಪಿಗಿಂತ ಜಾಸ್ತಿ ರೋಗಿಗಳು ಅಲ್ಲಿ ಸಿಗುತ್ತಾರೆ.

ಒಂದು ಸಣ್ಣ ವಿಷಯ ಬರೆಯುವುದು ಮರೆತಿದ್ದೆ. ಕಳಿಸುವಾಗ ಚೀಟಿಯಲ್ಲಿ "ಎದೆನೋವು, ಮುಂದಿನ ಚಿಕಿತ್ಸೆಗೆ" ಅಂತ ಒಂದೇ ಸಾಲು ಬರೆಯಬೇಡಿ. ನೋವು ಶುರುವಾದ ಗಂಟೆ, ಒಂದೊಂದು ಇಸಿಜಿ ತೆಗೆದ ಗಂಟೆ, ಕೊಟ್ಟ ಔಷಧ ಮತ್ತು ಡೋಸ್, ಬಿಪಿ, ಗೊತ್ತಿದ್ದರೆ ತೂಕ. ಇಸಿಜಿ ಪೇಪರ್ ಬಿಸಿಲು, ಸ್ಯಾನಿಟೈಸರ್, ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಹಾಗಾಗಿ ನೆರಳು ಬೀಳದ ಹಾಗೆ ಪೂರ್ತಿ ಪೇಪರಿನ ಫೋಟೋ ತೆಗೆದು ಅಲ್ಲಿನ ಡ್ಯೂಟಿ ಡಾಕ್ಟರಿಗೆ ಮೊದಲೇ ಕಳಿಸಿ, ಮೂಲ ಪೇಪರನ್ನು ರೋಗಿಯ ಜೊತೆಗಿರುವವರ ಜೇಬಿಗೆ ಹಾಕಿ. ಮತ್ತೆ ಆ ಡ್ರೈವರ್‌ಗೆ ಹಾಸನದಲ್ಲಿ ಎರಡನೇ ಇಸಿಜಿಯಲ್ಲಿ ಏನು ಬಂತು ಅಂತ ಫೋನ್ ಮಾಡಿ ವಿಚಾರಿಸಿ.